ಒಳಗೆ ಬಿಟ್ಟ ಬಟ್ಟೆ

ಟೇಪಮ್ಮ ಎಂಬ ಹೆಸರಿನಿಂದ ಮೊದಲು ಕರೆದವರು ಯಾರೋ, ಅವಳಿಗೇ ನೆನಪಿಲ್ಲ. ಇಪ್ಪತ್ತಾರು ವರ್ಷದಿಂದ ಅಳತೆ ಟೇಪು ಅವಳ ಕೊರಳು ಬಿಟ್ಟು ಇಳಿದದ್ದನ್ನು ಕಂಡವರಿಲ್ಲದ್ದರಿಂದ ಹೆಸರು ಅಂಟಿಕೊಂಡಿತು. ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ: ಎರಡು ಮಿಷನ್ನು, ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ, ಬಟ್ಟೆ ಬದಲಿಸಲು ಪರದೆ ಕಟ್ಟಿದ ಮೂಲೆ. ಆ ಬೀದಿಯ ಹೆಂಗಸರಲ್ಲಿ ಅವಳ ಕೈ ತಾಗದ ಬೆನ್ನಿಲ್ಲ. ಮಾತಾಡುತ್ತಲೇ ತೋಳೆತ್ತಿಸಿ, ತಿರುಗಿಸಿ, ಹೆಗಲು ತಟ್ಟಿ, "ನೆಟ್ಟಗೆ ನಿಂತ್ಕೊಳ್ಳೇ, ಗೂನು ಬೆನ್ನಿಗೆ ಅಂಗಿ ಕೂರಲ್ಲ" ಎಂದು ಗದರುವ ಕೈ ಅದು.

ಆ ಕೈ ಒಂಬತ್ತು ತಿಂಗಳಿಂದ ಸ್ವಂತ ಮಗಳನ್ನು ಮುಟ್ಟಿರಲಿಲ್ಲ.

ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಮಾಲು ತಂದು ಹಾಕುತ್ತಿದ್ದ, ಎಲ್ಲರ ಬಾಯಲ್ಲೂ ಒಳ್ಳೆಯವನೆನಿಸಿಕೊಂಡಿದ್ದ ಗಂಡಸೊಬ್ಬ ಹಿಂದಿನ ದಾಸ್ತಾನು ಕೋಣೆಯಲ್ಲಿ ಅವಳ ಮೇಲೆ ಅತ್ಯಾಚಾರ ಮಾಡಿದ. ಬೀದಿಯವರು ಅದನ್ನು 'ಆ ವಿಷಯ' ಎಂದು ದನಿ ತಗ್ಗಿಸಿ ಹೇಳುತ್ತಾರೆ. ಇಲ್ಲಿ ಅದರ ಹೆಸರು ಹಿಡಿದೇ ಹೇಳಿಬಿಡುವುದು ವಾಸಿ. ಅವನೀಗ ಜೈಲಿನಲ್ಲಿದ್ದಾನೆ, ಮೊಕದ್ದಮೆ ನಡೆಯುತ್ತಿದೆ, ಅವನ ಸುದ್ದಿ ಇಷ್ಟು ಸಾಕು.

ಅದು ನಡೆದ ವಾರದಲ್ಲೇ ಒಂದು ಬೆಳಿಗ್ಗೆ, ಅಡುಗೆಮನೆಯಲ್ಲಿ ನಿಂತಿದ್ದ ಮಗಳ ಹೆಗಲ ಮೇಲೆ ಟೇಪಮ್ಮ ಹಿಂದಿನಿಂದ ಕೈಯಿಟ್ಟಿದ್ದಳು. ಯಾವಾಗಲೂ ಇಡುವ ಹಾಗೆಯೇ. ಮಗಳು ಕಿಟಾರನೆ ಕಿರುಚಿ, ಕೈಯಲ್ಲಿದ್ದ ಲೋಟ ಬಿಟ್ಟು, ಗೋಡೆಯ ಮೂಲೆಗೆ ಕುಸಿದು ಕೂತಳು. ಅಮ್ಮನ ಮುಖ ಎದುರಿಗಿದ್ದರೂ ಗುರುತು ಹಿಡಿಯಲು ಅವಳಿಗೆ ಎಷ್ಟೋ ಹೊತ್ತು ಬೇಕಾಯಿತು. ಆ ನೋಟ ಟೇಪಮ್ಮನ ಎದೆಯಲ್ಲಿ ಸೂಜಿ ಮುರಿದ ಹಾಗೆ ಉಳಿದುಹೋಯಿತು.

ಮಗಳು ಪ್ರತಿ ಬುಧವಾರ ಹೋಗುವ ಆಪ್ತ ಸಲಹೆಯ ಮೇಡಂ ಬಳಿ ಟೇಪಮ್ಮ ಇದನ್ನೆಲ್ಲ ಹೇಳಿಕೊಂಡು ಅತ್ತಳು. ಮೇಡಂ ಬಿಡಿಸಿ ಹೇಳಿದರು: "ಮುಟ್ಟೋ ಮುಂಚೆ ಕೇಳಿ. ಹೂಂ ಅಂದ್ರೆ ಮುಟ್ಟಿ, ಬೇಡ ಅಂದ್ರೆ ಬಿಟ್ಟುಬಿಡಿ. ಅಷ್ಟೇ."

ಅಷ್ಟೇ! ಆದರೆ ಟೇಪಮ್ಮ ದರ್ಜಿ ನೋಡಿ. ಬಟ್ಟೆ ಕತ್ತರಿಸುವಾಗ ಅಳತೆಗೆ ಸರಿಯಾಗಿ ಕತ್ತರಿಸಿದವಳೇ ಅಲ್ಲ. ಒಂದಿಂಚು ಒಳಗೆ ಬಿಡು, ಮುಂದೆ ಬೇಕಾದರೆ ಬಿಚ್ಚಿ ದೊಡ್ಡದು ಮಾಡಬಹುದು, ಕಡಿಮೆಯಾದರೆ ದೇವರೂ ಏನೂ ಮಾಡಲಾರ ಎನ್ನುವವಳು. ಮೇಡಂ ಮಾತಿಗೂ ಅವಳು ಒಂದಿಂಚು ಒಳಗೆ ಬಿಟ್ಟಳು. ಕೇಳಿದರೇ ನೋವಾದರೆ? ಬೇಡವೆನ್ನಲಾಗದೆ ಹಲ್ಲುಕಚ್ಚಿ ಹೂಂ ಅಂದುಬಿಟ್ಟರೆ? ಕೇಳುವುದೂ ಬೇಡ, ಮುಟ್ಟುವುದೂ ಬೇಡ ಎಂದು ತೀರ್ಮಾನಿಸಿಬಿಟ್ಟಳು. ಕಾಫಿ ಲೋಟವನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಸರಿಸಿದಳು. ಓಣಿಯಂಥ ಅಡುಗೆಮನೆಯಲ್ಲಿ ಮಗಳು ಎದುರಾದರೆ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟಳು. ಆಸೆ ಮಾತ್ರ ಸಾಯಲಿಲ್ಲ. ಮಗಳ ಅಂಗಿಗೆ ಇಸ್ತ್ರಿ ಹಾಕಿದ ಮೇಲೆ ಅದರ ಬೆಚ್ಚಗಿನ ಹೆಗಲ ಮೇಲೆ ಅಂಗೈಯೂರಿ, ಯಾರಾದರೂ ಬಂದಾರೆಂದು ಬಾಗಿಲ ಕಡೆ ನೋಡುತ್ತ ನಿಂತುಬಿಡುತ್ತಿದ್ದಳು.

ಈಗ ಮಗಳು ಮತ್ತೆ ಕೆಲಸಕ್ಕೆ ಹೊರಟಿದ್ದಳು. ಬೇರೆ ಔಷಧಿ ಅಂಗಡಿ, ಸೋಮವಾರದಿಂದ, ಬಿಳಿ ಕೋಟು ಹಾಕಿಕೊಂಡು. ಕೋಟು ಹೊಲಿಯುವವಳು ಮನೆಯಲ್ಲೇ ಇರುವಾಗ ಬೇರೆಲ್ಲಿಗೆ ಹೋಗುವುದು? ಟೇಪಮ್ಮ ಹಳೆಯ ಅಂಗಿಯನ್ನು ಮೇಜಿನ ಮೇಲೆ ಹರಡಿ, ಅದರ ಅಳತೆಗೆ ಕತ್ತರಿ ಹಾಕಿದಳು. ಒಂಬತ್ತು ತಿಂಗಳಲ್ಲಿ ಮಗಳು ಎಷ್ಟು ಇಳಿದಿದ್ದಾಳೆಂಬುದು ಕಣ್ಣಿಗೆ ಕಾಣುತ್ತಿತ್ತು, ಆದರೂ ಟೇಪು ಕೊರಳಲ್ಲೇ ಉಳಿಯಿತು.

ಶನಿವಾರ ಮಧ್ಯಾಹ್ನ ಮಗಳು ಕಿಟಕಿಯ ಬಳಿ ಕೂತು ಗುಂಡಿ ಹೊಲಿಯುತ್ತಿದ್ದಾಗ ಶಾಲೆಯ ಟೀಚರ್ ಬಂದರು. ಪ್ರತಿ ಸಲವೂ ತಾನು ಸಣ್ಣಗಾಗಿದ್ದೇನೆಂದು ಸಾಧಿಸುವವರು.

"ಎರಡಿಂಚು ಇಳಿದಿದೀನಿ, ಅಳೆದು ನೋಡು."

ಟೇಪಮ್ಮ ಅವರ ಸೊಂಟ ಬಳಸಿ ಟೇಪು ಎಳೆದಳು. "ಟೀಚರೇ, ಉಸಿರು ಬಿಡಿ. ಉಸಿರು ಕಟ್ಟಿ ಪಾಠ ಮಾಡ್ತೀರಾ?"

ಟೀಚರ್ ಕಚಗುಳಿಯಾಗಿ ಕಿಸಕ್ಕೆಂದರು. ಟೇಪಮ್ಮ ಅವರ ಬೆನ್ನಿಗೊಂದು ಹುಸಿ ಏಟು ಕೊಟ್ಟಳು. ಇಬ್ಬರೂ ನಕ್ಕರು. ಕಿಟಕಿಯ ಬಳಿ ಸೂಜಿ ನಿಂತುಹೋದದ್ದನ್ನು ಟೇಪಮ್ಮ ಗಮನಿಸಲಿಲ್ಲ.

ಟೀಚರ್ ಹೋದ ಮೇಲೆ ಮಗಳು ಎದ್ದು, ಹೊಸ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಕೋಟು ಗೂಟಕ್ಕೆ ನೇತುಹಾಕಿದ ಹಾಗಿತ್ತು. ಹೆಗಲು ಜಾರಿ, ತೋಳು ಬೆರಳ ತುದಿ ಮುಚ್ಚಿತ್ತು. ಟೇಪಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಬಂದಳು. ಮೈಗೆ ಬೆರಳು ತಾಗದ ಹಾಗೆ ಬಟ್ಟೆಯ ಅಂಚನ್ನಷ್ಟೇ ಚಿಮುಟಿ ಹಿಡಿದು ಸೂಜಿ ಚುಚ್ಚತೊಡಗಿದಳು. ಬಿಸಿ ಪಾತ್ರೆ ಇಳಿಸುವವರು ಹಾಗೆ ಹಿಡಿಯುತ್ತಾರೆ.

ಮಗಳು ಕನ್ನಡಿಯಲ್ಲಿ ಆ ಬೆರಳುಗಳನ್ನೇ ನೋಡುತ್ತಿದ್ದಳು.

"ಅಸಹ್ಯ ಆಗುತ್ತಾ ಅಮ್ಮ?"

"ಏನು?"

"ಊರವರನ್ನೆಲ್ಲ ಮುಟ್ತೀಯ. ನನ್ನ ಮುಟ್ಟೋಕೆ ಅಸಹ್ಯ ಆಗುತ್ತಾ?"

ಟೇಪಮ್ಮನ ಬಾಯಿಂದ ಸೂಜಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಒಂಬತ್ತು ತಿಂಗಳು ತಾನು ಕಟ್ಟಿಟ್ಟುಕೊಂಡ ಪ್ರೀತಿಯನ್ನು ಮಗಳು ಹೇಸಿಗೆಯೆಂದು ಓದಿಕೊಂಡಿದ್ದಳು!

"ಅಯ್ಯೋ ನನ್ನಮ್ಮಾ... ಇಲ್ವೇ ಪುಟ್ಟಿ. ಅವತ್ತು ನೀನು ಕಿರುಚಿಕೊಂಡ್ಯಲ್ಲ, ಮತ್ತೆ ಹಾಗಾದ್ರೆ ಅಂತ ಭಯ. ಕೇಳಿ ಮುಟ್ಟಿ ಅಂತ ಮೇಡಂ ಹೇಳಿದ್ರು. ಕೇಳೋಕೂ ಧೈರ್ಯ ಸಾಲ್ಲಿಲ್ಲ. ನೀನು ಬೇಡ ಅಂದ್ಬಿಟ್ರೆ ನಾನು ತಡ್ಕೊಳ್ತಿರ್ಲಿಲ್ಲ."

"ಬೇಡ ಅಂತಿದ್ನೇನೋ," ಎಂದಳು ಮಗಳು. "ಆದ್ರೂ ಕೇಳ್ಬೇಕಿತ್ತು. ಮೇಡಂ ಪ್ರತಿ ಸಲ ಕೇಳ್ತಾರೆ, ಕುರ್ಚಿ ಇಲ್ಲೇ ಇರ್ಲಾ, ಹಿಂದಕ್ಕೆ ಹಾಕ್ಲಾ ಅಂತ. ನಾನು ಹಿಂದಕ್ಕೆ ಅಂದ್ರೆ ಹಿಂದಕ್ಕೆ ಹಾಕ್ಕೊಳ್ತಾರೆ. ಅಷ್ಟೇ ಅಮ್ಮ, ಬೇಜಾರು ಮಾಡ್ಕೊಳ್ಳಲ್ಲ. ಅವತ್ತು ಎಷ್ಟು ಸಲ ಬೇಡ ಅಂದೆ ನಾನು, ಗೊತ್ತಾ? ಮನೇಲಾದ್ರೂ ಒಂದ್ಸಲ ಬೇಡ ಅನ್ಬೇಕಿತ್ತು, ಆ ಮಾತು ನಡೀಬೇಕಿತ್ತು. ಆಮೇಲೆ ಯಾವತ್ತಾದ್ರೂ ಹೂಂ ಅಂತಿದ್ದೆ."

ಟೇಪಮ್ಮನಿಗೆ ಮಗಳನ್ನು ಬಾಚಿ ತಬ್ಬಿಕೊಳ್ಳಬೇಕೆನಿಸಿತು. ತೋಳುಗಳು ಆಗಲೇ ಅರ್ಧ ಎದ್ದಿದ್ದವು. ಅವನ್ನು ಇಳಿಸಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. ಕನ್ನಡಿಯ ಮುಂದಕ್ಕೆ ಬಂದು, ಮಗಳ ಕಣ್ಣಿಗೆ ಕಾಣುವ ಹಾಗೆ ನಿಂತು, ಕೊರಳಿನ ಟೇಪು ತೆಗೆದಳು.

"ಕೋಟಿಗೆ ಅಳತೆ ತಗೋಬೇಕು. ಮುಟ್ಲಾ?"

ಇಪ್ಪತ್ತಾರು ವರ್ಷದ ಕಸುಬಿನಲ್ಲಿ ಅಳತೆಗೆ ಮುಂಚೆ ಅವಳು ಯಾರನ್ನೂ ಈ ಮಾತು ಕೇಳಿದವಳಲ್ಲ.

ಮಗಳು ತಲೆ ತಗ್ಗಿಸಿದಳು. ಟೇಪಮ್ಮ ಕಾದಳು. ಬೇಡವೆಂದರೂ ಸರಿಯೆಂದು ಮೊದಲ ಬಾರಿಗೆ ಮನಸ್ಸಿಗೆ ಒಪ್ಪಿಸಿಕೊಂಡು ಕಾದಳು.

"ಸೊಂಟ ಬೇಡ," ಎಂದಳು ಮಗಳು. "ಕತ್ತೂ ಬೇಡ."

"ಆಯ್ತು."

"ಬೇಜಾರಾ?"

"ಇಲ್ಲ ಮಗಳೇ. ಅದಕ್ಕೆ ಹಳೇ ಅಂಗಿ ಇದೆಯಲ್ಲ, ಹೇಗೋ ಮಾಡ್ತೀನಿ."

ಮಗಳು ಅಮ್ಮನ ಮುಖವನ್ನು ಹುಡುಕಿ ಹುಡುಕಿ ನೋಡಿದಳು. ಆಮೇಲೆ ಕೋಟು ಬಿಚ್ಚಿಟ್ಟು ಬಲಗೈಯನ್ನು ಮೆಲ್ಲಗೆ ಮುಂದೆ ಚಾಚಿದಳು.

"ತೋಳು ತಗೋ."

ಟೇಪಮ್ಮ ಹೆಗಲ ಮೂಳೆಯ ಮೇಲೆ ಟೇಪಿನ ತುದಿಯಿಟ್ಟು ಎರಡು ಬೆರಳಿನಿಂದ ಒತ್ತಿದಳು. ಮಗಳ ಮೈ ಒಮ್ಮೆ ಬಿಗಿಯಿತು. ಟೇಪಮ್ಮ ಬೆರಳು ತೆಗೆಯಹೋದಳು. "ಇರ್ಲಿ," ಎಂದಳು ಮಗಳು. ಟೇಪು ಮೊಣಕೈ ದಾಟಿ ಮಣಿಕಟ್ಟಿಗೆ ಬಂತು. ಅಲ್ಲಿ ನಾಡಿ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಟೇಪಮ್ಮ ಅಳತೆ ಪುಸ್ತಕ ತೆರೆದು, ಕಣ್ಣು ಮಂಜಾಗಿದ್ದರಿಂದ ದೊಡ್ಡದಾಗಿ, ತೋಳು ಇಪ್ಪತ್ತೊಂದೂವರೆ ಎಂದು ಬರೆದಳು. ಎದೆ, ಸೊಂಟ, ಕತ್ತು ಎಂಬ ಸಾಲುಗಳನ್ನು ಖಾಲಿ ಬಿಟ್ಟಳು.

ಮಗಳು ಚಾಚಿದ ಕೈ ಇಳಿಸಿರಲಿಲ್ಲ.

"ಸರಿಯಾಗಿ ನೋಡಿದ್ಯಾ ಅಮ್ಮ?"

"ಹೂಂ ಕಣೇ, ಇಪ್ಪತ್ತೊಂದೂವರೆ."

"ಇನ್ನೊಂದ್ಸಲ ಅಳೆ."

ಟೇಪಮ್ಮ ಒಮ್ಮೆ ಅಳೆದದ್ದನ್ನು ಮತ್ತೆ ಅಳೆದವಳಲ್ಲ. ಪುಸ್ತಕ ಮುಚ್ಚಿಟ್ಟು, ಮಗಳ ಹೆಗಲಿಂದ ಮತ್ತೆ ಶುರು ಮಾಡಿದಳು.