ಕಿಟಕಿ ಸತ್ತ ಸುದ್ದಿ

ರಾಜಧಾನಿಯ ಆಸ್ಪತ್ರೆಯಲ್ಲಿ ತೀರಿಕೊಂಡ ತಮ್ಮನ ಸುದ್ದಿಯನ್ನು, ದಿನವೂ ಸತ್ತವರ ಹೆಸರು ಓದುವ ಗ್ರೆನಡಾ ದ್ವೀಪದ ರೇಡಿಯೋದಲ್ಲಿ ಓದಿಸುವಾಗ ಯುನಿಟಾ ಏನನ್ನೂ ಬಿಡಲಿಲ್ಲ. ಪ್ರೊಫೆಸರ್ ಥಿಯೋಫಿಲಸ್ ಕ್ಯಾಡೋರ್, ಹೆಸರಾಂತ ಮಾನವಶಾಸ್ತ್ರಜ್ಞರು, ಲಂಡನ್ನಿನಲ್ಲಿ ಪಾಠ ಹೇಳಿದವರು, ಜನ ಹೇಗೆ ಉಣ್ಣುತ್ತಾರೆ, ಹೇಗೆ ಜಗಳವಾಡುತ್ತಾರೆ ಎಂದು ದ್ವೀಪ ದ್ವೀಪ ಸುತ್ತಿ ಪುಸ್ತಕ ಬರೆದವರು. ಬಿಟ್ಟದ್ದು ಊರು ಇಟ್ಟ ಅಡ್ಡಹೆಸರೊಂದನ್ನೇ.

ಮರುದಿನ ಮನೆಯತ್ತ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಅಂಗಳದಲ್ಲಿ ಜಾಯಿಕಾಯಿ ಹರವುತ್ತಿದ್ದ ಪಕ್ಕದ ಮನೆಯ ಮರ್ಲ್ ಬೇಲಿಯಾಚೆಯಿಂದ ಕೇಳಿದಳು: "ಯಾರೋ ಪ್ರೊಫೆಸರ್ ಸತ್ತರಂತೆ. ನಿಮ್ ಕಡೆಯೋರೇನೇ?"

"ನನ್ ತಮ್ಮ ಕಣೇ!"

"ಅಯ್ಯೋ, ನಮ್ ಕಿಟಕೀನಾ? ಹಾಗಂತ ಹೇಳ್ಸೋದಲ್ವೇನೇ ಮೂದೇವಿ!"

ಹುಡುಗನಾಗಿದ್ದಾಗ ಊಟದ ಹೊತ್ತಿಗೆ ಸರಿಯಾಗಿ ಕಂಡವರ ಮನೆಯ ಕಿಟಕಿಗೆ ಗಲ್ಲ ಊರಿ ನಿಂತು, ಯಾರ ತಟ್ಟೆಗೆ ಮೊದಲು ಬಡಿಸುತ್ತಾರೆ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎಂದು ನೋಡುತ್ತಿದ್ದವನಿಗೆ ಆ ಹೆಸರು ಅಂಟಿತ್ತು. ಅದನ್ನು ಕೇಳಿದರೆ ಯುನಿಟಾಗೆ ಮೈ ಉರಿಯುತ್ತಿತ್ತು. ಆದರೂ ಸಂಜೆ ರೇಡಿಯೋದವರಿಗೆ ಫೋನ್ ಮಾಡಿ ಹಲ್ಲು ಕಚ್ಚಿಕೊಂಡು ಹೇಳಿದಳು: "ಕೊನೇಲಿ ಇದೊಂದು ಸೇರಿಸ್ರಪ್ಪ. ಊರಲ್ಲಿ ಕಿಟಕಿ ಅಂತ್ಲೇ ಪರಿಚಿತರು."

ಶವ ಮನೆಗೆ ಬಂದಾಗ ಊರಿಗೆ ಊರೇ ನೆರೆದಿತ್ತು. ಒಳಗೆ ಜಾಗ ಸಾಲದೆ ಹೊರಗಿನವರೆಲ್ಲ ಕಿಟಕಿಗೆ ಮುಗಿಬಿದ್ದು ಪೆಟ್ಟಿಗೆಯತ್ತ ಇಣುಕುತ್ತಿದ್ದರು. ಯುನಿಟಾ ರೇಗಿ ಕಿಟಕಿಯ ಕದ ಮುಚ್ಚಲು ಹೋದಳು. "ಏನ್ ನೋಡ್ತೀರ್ರೋ, ಮಾನ ಮರ್ಯಾದೆ ಇಲ್ವಾ?"

ಹೊರಗಿದ್ದ ಮರ್ಲ್ ಕದವನ್ನು ತಡೆದು ಹಿಡಿದಳು.

"ಇರ್ಲಿ ಬಿಡೇ. ಜನ್ಮವೆಲ್ಲ ಅವ್ನು ನಮ್ಮನ್ನ ನೋಡ್ದ. ಇವತ್ತೊಂದಿನ ನಾವು ಅವನನ್ನ ನೋಡ್ಕೋತೀವಿ."