ಎರಡೂವರೆ ಗಂಟೆ

ಅಣ್ಣ ಅಷ್ಕರ್ ರಿಯಾದಿಗೆ ಹೋಗಿ ಹತ್ತೊಂಬತ್ತು ವರ್ಷವಾಗಿತ್ತು. ಅವನು ಯಾವ ಹೊತ್ತು ಹೇಳಿದರೂ ನಮ್ಮ ಮನೆಯಲ್ಲಿ ಅದಕ್ಕೆ ಎರಡೂವರೆ ಗಂಟೆ ಸೇರಿಸುತ್ತೇವೆ; ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅಷ್ಟು ಹಿಂದೆ. ಒಂಬತ್ತಕ್ಕೆ ಫೋನ್ ಮಾಡುತ್ತೇನೆಂದರೆ ಉಮ್ಮ ಹನ್ನೊಂದೂವರೆಗೆ ಫೋನಿನ ಪಕ್ಕ ಬಂದು ಕೂರುತ್ತಾರೆ.

ಉಪ್ಪ, ನಮ್ಮ ತಂದೆ, ತೀರಿಕೊಂಡದ್ದು ಮಂಗಳವಾರ ಸಂಜೆ. ಮರುದಿನ ವಿಮಾನ ಹತ್ತುವ ಮೊದಲು ಅಣ್ಣ ಧ್ವನಿ ಸಂದೇಶ ಕಳಿಸಿದ್ದ: ಹನ್ನೊಂದು ಮೂವತ್ತೈದಕ್ಕೆ ಕರಿಪೂರ್ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೇನೆ, ಉಪ್ಪಾನ ಮುಖ ಒಂದು ಸಲ ನೋಡಬೇಕು. ಜೊತೆಗೆ ಟಿಕೆಟ್ಟಿನ ಚಿತ್ರವೂ ಇತ್ತು. ನಾನು ಅದನ್ನು ತೆರೆಯಲಿಲ್ಲ. ಕೇಳಿದವರಿಗೆಲ್ಲ ಎರಡು ಗಂಟೆ ಐದು ನಿಮಿಷಕ್ಕೆ ಇಳಿಯುತ್ತಾನೆ ಎಂದೆ. ಅಲ್ಲಿಂದ ಮನೆಗೆ ಇನ್ನೂ ಒಂದೂವರೆ ಗಂಟೆ.

ಅಷ್ಟು ಹೊತ್ತು ಮಯ್ಯತ್ತನ್ನು ದಫನ ಮಾಡದೆ ಇಟ್ಟುಕೊಳ್ಳುವುದು ಸರಿಯಲ್ಲ ಎಂದರು ಮಸೀದಿಯ ಉಸ್ತಾದರು. ಸೋದರಮಾವ ಬಾಪುಟ್ಟಿಯವರೂ ಅದನ್ನೇ ಹೇಳಿದರು. ಉಮ್ಮ ಒಪ್ಪಿ ತಲೆಯಾಡಿಸಿದರು. ಮಧ್ಯಾಹ್ನದ ನಮಾಜಾದ ಕೂಡಲೇ ದಫನ ಎಂದಾಯಿತು.

ಹನ್ನೆರಡೂಕಾಲಿಗೆ, ಕಫನಿನ ಬಿಳಿ ಬಟ್ಟೆ ಹೊದಿಸಿದ ಮೇಲೆ, ವಿಮಾನ ಈಗ ಎಲ್ಲಿರಬಹುದೆಂದು ಅತ್ತಿಗೆ ಕೇಳಿದಳು. ಹೇಳೋಣವೆಂದು ಟಿಕೆಟ್ ತೆರೆದೆ. ಹೊರಡುವುದು ನಾಲ್ಕು ಇಪ್ಪತ್ತು. ದೂರ ಸುಮಾರು ಮೂರು ಸಾವಿರದ ನಾನೂರು ಕಿಲೋಮೀಟರ್. ಹಾರಾಟ ನಾಲ್ಕು ಗಂಟೆ ನಲವತ್ತೈದು ನಿಮಿಷ. ಬೆರಳು ಮಡಿಸಿ ಕೂಡಿದೆ: ಅಲ್ಲಿಯ ಒಂಬತ್ತು ಐದು. ಎರಡೂವರೆ ಸೇರಿಸಿದರೆ ಹನ್ನೊಂದು ಮೂವತ್ತೈದು. ಅವನು ಹೇಳಿದ್ದು ಆಗಲೇ ನಮ್ಮ ಗಂಟೆ. ಅದಕ್ಕೆ ನಾನು ಇನ್ನೊಮ್ಮೆ ಸೇರಿಸಿದ್ದೆ.

ಅವನು ಇಳಿದು ನಲವತ್ತು ನಿಮಿಷವಾಗಿತ್ತು. ಅವನ ಸೌದಿ ನಂಬರು ಇಲ್ಲಿ ನಡೆಯುವುದಿಲ್ಲ.

ಗಂಡಸರು ಉಪ್ಪಾನನ್ನು ಎತ್ತಲು ಒಳಗೆ ಬರುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ.

"ಮಾಮ, ಈಗ ಎತ್ತಬೇಡಿ. ಅಷ್ಕರ್ ಇಕ್ಕ ದಾರೀಲಿದ್ದಾನೆ."

"ಫೋನ್ ಬಂತಾ?"

"ಇಲ್ಲ. ಲೆಕ್ಕ ಹಾಕಿದೆ."

"ಬೆಳಿಗ್ಗೆ ಹಾಕಿದ್ದೂ ನೀನೇ ಅಲ್ವಾ ಮಗಳೇ? ಇದು ಯಾವ ದೇಶದ ಲೆಕ್ಕ?"

ಹಿಂದೆ ಯಾರೋ ನಕ್ಕು, ಕೆಮ್ಮಿ ಮುಚ್ಚಿದರು. ತಪ್ಪು ನನ್ನದೆಂದೆ. ಟಿಕೆಟ್ಟಿನಲ್ಲಿ ಇಳಿಯುವ ಊರಿನ ಗಂಟೆಯೇ ಇರುತ್ತದೆ ಎಂದೆ. ಮಾಮ ಕನ್ನಡಕ ಏರಿಸಿ ಫೋನನ್ನು ನೋಡಿದರು, ನನ್ನನ್ನು ನೋಡಿದರು, ಉಸ್ತಾದರತ್ತ ತಿರುಗಿದರು.

"ಒಂದೂಕಾಲು," ಎಂದರು ಉಸ್ತಾದರು. "ಆಮೇಲೆ ಕೇಳಬೇಡಿ."

ಗಂಡಸರು ಅಂಗಳದ ಕುರ್ಚಿಗಳಿಗೆ ಮರಳಿದರು. ವಿಮಾನ ತಡವಾಗಿದ್ದರೆ? ಕೋಟಕ್ಕಲ್ಲಿನಲ್ಲಿ ಲಾರಿ ಅಡ್ಡ ನಿಂತಿದ್ದರೆ? ನಾನು ಮತ್ತೆ ಕೂಡಿದೆ, ಕಳೆದೆ. ಪ್ರತಿ ಸಲವೂ ಅದೇ ಬಂತು, ಆದರೂ ನಂಬಿಕೆ ಬರಲಿಲ್ಲ.

ಒಂದು ಗಂಟೆ ಎಂಟು ನಿಮಿಷಕ್ಕೆ ಟ್ಯಾಕ್ಸಿ ಬಂತು. ಅಣ್ಣ ಚೀಲವನ್ನು ಕಾರಿನಲ್ಲೇ ಬಿಟ್ಟು ಒಳಗೆ ಬಂದ. ಮಾಮ ಮುಖದ ಬಟ್ಟೆ ಸರಿಸಿದರು. ಅವನು ಹಣೆಯ ಮೇಲೆ ಕೈಯಿಟ್ಟು, ತುಂಬಾ ಬಡವಾಗಿಬಿಟ್ಟಿದ್ದಾರೆ ಎಂದ. ಆಮೇಲೆ ಹೆಗಲು ಕೊಡಲು ಎದ್ದ.

ಅವರೆಲ್ಲ ಗೇಟು ದಾಟುವವರೆಗೆ ನಿಂತಿದ್ದೆ. ಆಮೇಲೆ ಬಾಗಿಲ ಹಿಂದೆ ನೆಲದ ಮೇಲೆಯೇ ಕೂತೆ. ಉಮ್ಮ ಒಂದು ಲೋಟ ನೀರು ತಂದುಕೊಟ್ಟರು.