ತೂಕದ ಬ್ಯಾಚಿನ ಟೈಲರ್

ನಮ್ಮ ಯೋಗ ಕೇಂದ್ರದಲ್ಲಿ ಮೂರು ಬ್ಯಾಚುಗಳಿವೆ. ಬೆಳಿಗ್ಗೆ ಆರಕ್ಕೆ ಆರೋಗ್ಯ. ಇದಕ್ಕೆ ನಿವೃತ್ತರು ಬರುತ್ತಾರೆ, ಅರ್ಧ ಗಂಟೆ ಆಸನ ಮಾಡಿ ಒಂದು ಗಂಟೆ ತಮ್ಮ ತಮ್ಮ ಕಾಯಿಲೆಗಳ ವರದಿ ಒಪ್ಪಿಸುತ್ತಾರೆ. ಹತ್ತಕ್ಕೆ ತಾಯ್ತನ, ಅಂದರೆ ಬಸುರಿಯರು. ಸಂಜೆ ಐದಕ್ಕೆ ತೂಕ. ಮೂರನ್ನೂ ಕಲಿಸುವವಳು ನಾನೊಬ್ಬಳೇ. ಕೇಂದ್ರ ನಡೆಸುವವರು ನನ್ನ ಗಂಡನ ಅಣ್ಣ. ಭಾವನಿಗೆ ಇವತ್ತಿನವರೆಗೂ ಬಗ್ಗಿ ತಮ್ಮ ಕಾಲ್ಬೆರಳು ಮುಟ್ಟಲು ಬಂದಿಲ್ಲ, ಆದರೆ ಗೋಡೆಗೆ ಚಾರ್ಟ್ ಅಂಟಿಸುವುದರಲ್ಲಿ ಅವರದು ಎತ್ತಿದ ಕೈ.

ತೂಕದ ಬ್ಯಾಚಿನ ಪದ್ಧತಿಯೂ ಅವರದೇ. ಪ್ರತಿ ಸೋಮವಾರ ಒಬ್ಬೊಬ್ಬರಾಗಿ ಎಲ್ಲರೆದುರು ತೂಕದ ಯಂತ್ರ ಹತ್ತಬೇಕು. ನಾನು ಅಂಕಿಯನ್ನು ಗಟ್ಟಿಯಾಗಿ ಓದಬೇಕು. ಇಳಿದಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ಏರಿದ್ದರೆ ಯಾರೂ ಏನೂ ಅನ್ನಬಾರದು, ಮುಖ ಮಾತ್ರ ನೋಡಬಹುದು. ನೂರು ಗ್ರಾಂ ಇಳಿದರೂ ಚಪ್ಪಾಳೆ ಸಿಗುತ್ತಿತ್ತು. ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯಾದ ನಮ್ಮ ಹೆಡ್ ಮೇಡಂ ಒಮ್ಮೆ ಕನ್ನಡಕ, ಗಡಿಯಾರ ಎರಡನ್ನೂ ಬಿಚ್ಚಿಟ್ಟು ಹತ್ತಿ ಅದನ್ನು ಗಿಟ್ಟಿಸಿದ್ದರು.

ಈ ಬ್ಯಾಚಿಗೆ ಪಕ್ಕದ ಬೀದಿಯ ಟೈಲರ್ ಬಂದು ಸೇರಿದರು. ಮೂವತ್ತಾರರ ಹೆಂಗಸು, ತಾನೇ ಹೊಲಿದುಕೊಂಡ ದೊಗಲೆ ಅಂಗಿ, ಕತ್ತಿನಿಂದ ತೆಗೆಯಲು ಮರೆತ ಅಳತೆ ಟೇಪು. ಮೊದಲ ಸೋಮವಾರ ಅರವತ್ತೆರಡು ಕೆಜಿ. ಎರಡನೆಯ ಸೋಮವಾರ ಅರವತ್ತೆರಡೂವರೆ. ಮೂರನೆಯದಕ್ಕೆ ಅರವತ್ಮೂರು. ಇಳಿಸುವ ಬ್ಯಾಚಿನಲ್ಲಿ ಇಷ್ಟು ಶಿಸ್ತಾಗಿ ಏರಿದವರನ್ನು ನಾನು ನೋಡಿರಲಿಲ್ಲ. ಅದೂ ಮುಖದಲ್ಲಿ ನಾಚಿಕೆಯಿಲ್ಲ, ಒಂದು ಸಣ್ಣ ನಗು. ಹೊಟ್ಟೆಯ ಮೇಲೆ ಮಲಗುವ ಆಸನ ಬಂದರೆ ನೀರು ಕುಡಿಯಲು ಹೋಗುತ್ತಿದ್ದರು, ಸೊಂಟ ತಿರುಗಿಸುವುದು ಬಂದರೆ ಅವರಿಗೆ ಫೋನ್ ಬರುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನಾಲ್ಕನೇ ವಾರ ಎಲ್ಲರೆದುರೇ ದಬಾಯಿಸಿದೆ. ಮಲಗಬೇಕಿದ್ದರೆ ಮನೆಯಲ್ಲೇ ಮಲಗಿ, ಇಲ್ಲಿ ಬಂದು ಚಾಪೆ ಯಾಕೆ ಸವೆಸುತ್ತೀರಿ ಎಂದೆ.

ಎಲ್ಲರೂ ಹೋದ ಮೇಲೆ ಅವರು ಚಾಪೆ ಸುತ್ತುತ್ತಾ, ತನಗೀಗ ನಾಲ್ಕು ತಿಂಗಳು ಎಂದರು. ಡಾಕ್ಟರಿಗೆ ಗೊತ್ತು, ಗಂಡನಿಗೆ ಗೊತ್ತು, ಈಗ ನನಗೆ. ಹಗುರವಾಗಿ ವ್ಯಾಯಾಮ ಮಾಡಿ ಎಂದು ಡಾಕ್ಟರೇ ಹೇಳಿದ್ದರಂತೆ. ಹಿಂದೆ ಎರಡು ಸಲ ಬೇರೊಂದು ಕಡೆ ಬಸುರಿಯರ ಕ್ಲಾಸಿಗೇ ಸೇರಿದ್ದರಂತೆ. ಒಂದು ಮೂರನೇ ತಿಂಗಳಿಗೆ ಹೋಯಿತು, ಇನ್ನೊಂದು ನಾಲ್ಕಕ್ಕೆ.

“ದಪ್ಪ ಆಗಿದ್ದೀಯ ಅಂತ ಯಾರು ಎಷ್ಟು ಆಡಿಕೊಂಡ್ರೂ ತಡ್ಕೋತೀನಿ ಟೀಚರ್,” ಎಂದರು. “ಯಾಕೆ ಕ್ಲಾಸಿಗೆ ಬರ್ತಿಲ್ಲ, ಏನಾಯ್ತು ಅಂತ ದಾರೀಲಿ ನಿಲ್ಲಿಸಿ ಕೇಳ್ತಾರಲ್ಲ, ಅದನ್ನ ಇನ್ನೊಂದ್ಸಲ ತಡ್ಕೊಳ್ಳೋಕೆ ಆಗಲ್ಲ.”

ನನಗೆ ನಾಚಿಕೆಯಾಯಿತು. ಕ್ಷಮೆ ಕೇಳುವ ಕಲೆ ನನಗೆ ಬರುವುದಿಲ್ಲ. ಅದರ ಬದಲು ಮರುದಿನದಿಂದ ಐದು ಗಂಟೆಯವರಿಗೆ ಹತ್ತು ಗಂಟೆಯ ಪಾಠ ಶುರು ಮಾಡಿದೆ. ಒಬ್ಬರಿಗೇ ಬೇರೆ ಮಾಡಿಸಿದರೆ ಗುಟ್ಟು ರಟ್ಟಾಗುತ್ತದಲ್ಲ. ಗೋಡೆ ಹಿಡಿದು ನಿಧಾನವಾಗಿ ಕುಕ್ಕರಗಾಲಲ್ಲಿ ಕೂರುವುದು, ಮಂಡಿ ನಡುವೆ ದಿಂಬಿಟ್ಟು ಎಡಮಗ್ಗುಲಿಗೆ ಮಲಗುವುದು, ಹೆರಿಗೆ ನೋವಿನ ಹೊತ್ತಿನ ಉಸಿರು. ಆರು ವಾರದಲ್ಲಿ ಇಡೀ ತೂಕದ ಬ್ಯಾಚು ಹೆರಿಗೆಗೆ ತಯಾರಾಯಿತು. ಒಬ್ಬರದೂ ತೂಕ ಇಳಿಯಲಿಲ್ಲ. ಐವತ್ತೆಂಟರ ಹೆಡ್ ಮೇಡಂ ಮಾತ್ರ, ಶಾಲೆಗೆ ಇನ್‌ಸ್ಪೆಕ್ಷನ್ ಬಂದ ದಿನ ಆ ಉಸಿರಿನಿಂದ ಬಹಳ ಅನುಕೂಲವಾಯಿತೆಂದು ಹೊಗಳಿದರು. ಭಾವ ತೂಕದ ಚಾರ್ಟನ್ನು ತಲೆಕೆಳಗಾಗಿ ಅಂಟಿಸಿದೆನೇನೋ ಎಂದು ಎರಡು ಸಲ ಹತ್ತಿರ ಹೋಗಿ ನೋಡಿದರು.

ಹೊಸ ಪಾಠ ಶುರುವಾದ ಮೇಲಿನ ಏಳನೇ ಸೋಮವಾರ ಟೈಲರ್ ಯಂತ್ರ ಹತ್ತಿದರು. ನಾನು ಅಭ್ಯಾಸಬಲದಿಂದ ಅಂಕಿ ಓದಿಬಿಟ್ಟೆ. ಒಂದೂವರೆ ಕೆಜಿ ಕಡಿಮೆ. ಆರು ವಾರದಿಂದ ಕೈಕಟ್ಟಿ ಕೂತಿದ್ದ ಬ್ಯಾಚು ಎದ್ದು ನಿಂತು ಚಪ್ಪಾಳೆ ತಟ್ಟಿತು. ಭಾವ ಫೋಟೋ ತೆಗೆಯಲು ಒಳಗಿನಿಂದ ಓಡಿ ಬಂದರು. ಟೈಲರ್ ಇಳಿಯಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಆ ಅಂಕಿಯನ್ನೇ ನೋಡುತ್ತಿದ್ದರು. ಫೋಟೋ ಆಮೇಲೆ ತೆಗೆಯಿರಿ ಎಂದು ಭಾವನನ್ನು ಪಕ್ಕಕ್ಕೆ ಸರಿಸಿ, ಟೈಲರನ್ನು ಕರೆದುಕೊಂಡು ಆಸ್ಪತ್ರೆಗೆ ಟ್ಯಾಕ್ಸಿ ಹಿಡಿದೆ.

ಮೂರು ದಿನದಿಂದ ಹೊಟ್ಟೆ ಕೆಟ್ಟು ಏನೂ ನಿಂತಿರಲಿಲ್ಲವಂತೆ. ಅಷ್ಟೇ ಆಗಿರಬಹುದು ಎಂದು ನಾನೂ ಹೇಳಿದೆ, ಅವರೂ ಹೇಳಿದರು, ಇಬ್ಬರೂ ನಂಬಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ನಮ್ಮ ಸರದಿಗೆ ಕಾಯುವಾಗ ಅವರು ನನ್ನ ಕಡೆ ತಿರುಗದೆ ಕೇಳಿದರು.

“ಇದೂ ಹೋಗಿದ್ರೆ, ಇದಕ್ಕೆ ಅಂತ ಸಿಕ್ಕಿದ್ದು ಆ ಚಪ್ಪಾಳೆ ಒಂದೇ ಅಲ್ವಾ ಟೀಚರ್? ಇದು ಇತ್ತು ಅಂತಲೇ ಯಾರಿಗೂ ಗೊತ್ತಿಲ್ಲ.”

ದಿನಕ್ಕೆ ಮೂರು ಬ್ಯಾಚಿಗೆ ಬಾಯಿ ನೋಯುವಷ್ಟು ಮಾತಾಡುವವಳು ನಾನು. ಎದ್ದು ಹೋಗಿ, ನಮ್ಮ ಸರದಿಗೆ ಇನ್ನೆಷ್ಟು ಹೊತ್ತು ಎಂದು ನರ್ಸನ್ನು ಕೇಳಿ ಬಂದೆ.

ಡಾಕ್ಟರ್ ಪರೀಕ್ಷೆ ಮಾಡಿ, ಮಗು ಚೆನ್ನಾಗಿದೆ, ಒಣಗಿರುವುದು ತಾಯಿ ಎಂದರು. ಎದೆಬಡಿತವನ್ನು ನಮಗೂ ಕೇಳಿಸಿದರು. ಮೂರು ದಿನ ಸುಮ್ಮನಿದ್ದುದಕ್ಕೆ ಟೈಲರನ್ನು ಚೆನ್ನಾಗಿ ಬೈದು, ಎರಡು ದಿನ ಅಲ್ಲೇ ಮಲಗಿಸಿಕೊಂಡರು. ಟೈಲರ್ ಅಳಲಿಲ್ಲ. ಅತ್ತವಳು ನಾನು. ಅವರೇ ಚೀಲದಿಂದ ಯಾರದೋ ಅಂಗಿಯ ಉಳಿದ ಬಟ್ಟೆ ತೆಗೆದು ಮೂಗು ಒರೆಸಿಕೊಳ್ಳಲು ಕೊಟ್ಟರು.

ಮುಂದಿನ ಸೋಮವಾರ ಅವರು ಬೆಳಿಗ್ಗೆ ಹತ್ತಕ್ಕೆ ಬಂದರು. ಹೊತ್ತು ತಪ್ಪಿ ಬಂದಿದ್ದಾರೆಂದುಕೊಂಡು ಭಾವ, ನಿಮ್ಮದು ಸಂಜೆಯಲ್ಲವೇ ಎಂದರು. ಟೈಲರ್ ತಾಯ್ತನದ ಫಾರಂ ಕೇಳಿದರು. ಭಾವ ನನ್ನ ಮುಖ ನೋಡಿದರು, ನಾನು ಚಾರ್ಟ್ ನೋಡಿದೆ. ಬಸುರಿಯರು ಆಗಲೇ ಚಾಪೆ ಹಾಸಿಕೊಂಡು ಕೂತಿದ್ದರು, ಎಲ್ಲರ ಕಿವಿಯೂ ಇತ್ತ ಕಡೆಯೇ.

ಹೆಸರು, ವಯಸ್ಸು, ಡಾಕ್ಟರ ಹೆಸರು ಬರೆದರು. ಎಷ್ಟನೆಯ ಮಗು ಎಂಬಲ್ಲಿ ಮೂರು ಎಂದು ಬರೆದರು. ಭಾವನ ಅಂಗಿಗಳನ್ನು ಹೊಲಿಯುವವರೂ ಇವರೇ, ಮನೆಯಲ್ಲಿ ಮಕ್ಕಳಿಲ್ಲವೆಂಬುದು ಅವರಿಗೆ ಗೊತ್ತು. ಫಾರಂ ತಪ್ಪಾಗಬಾರದೆಂದು ಮೆಲ್ಲಗೆ, ಅಲ್ಲಿ ಒಂದು ಅಂತ ಬರಬೇಕಮ್ಮ ಎಂದರು.

“ಇಲ್ಲ ಸಾರ್, ಇದು ಮೂರನೇದೇ,” ಎಂದರು ಟೈಲರ್, ಬಸುರಿಯರಿಗೂ ಕೇಳುವಷ್ಟು ಗಟ್ಟಿಯಾಗಿ. “ಮೊದಲಿನ ಎರಡು ಉಳೀಲಿಲ್ಲ. ಯಾರು ಕೇಳಿದ್ರೂ ಇನ್ನು ಮೇಲೆ ಹೀಗೇ ಹೇಳ್ತೀನಿ.”

ಭಾವ ಅಂಕಿಯನ್ನು ಮುಟ್ಟಲಿಲ್ಲ. ಫಾರಂ ಮಡಿಸಿಟ್ಟು, ದಿಂಬು ತರಲು ತಾವೇ ಒಳಗೆ ಹೋದರು.